ಎಂಆರ್‌ಐನಲ್ಲಿ ಬಿಳಿ ಚುಕ್ಕೆಯ ನಡುವೆ ಕಪ್ಪು ಬಂದರೆ ಮೊದಲು ವೆಂಕ್ ನೋಡಿ

ವೆಂಕ್ (ಸ್ಕ್ಯಾನ್ ಸರಿಯಾಗಿ ಅಳೆಯಲಿ ಅಂತ ನಾವು ಇಡುವ ಗರಿಷ್ಠ ವೇಗ) ಕಡಿಮೆಯಾಗಿ ಅಲಿಯಾಸಿಂಗ್ ಆಗಿರಬೇಕು, ಅಂದರೆ ಮಿತಿ ಮೀರಿದ ವೇಗ ತಪ್ಪಾಗಿ ದಾಖಲಾಗಿರಬೇಕು. ತಲೆಗೆ ಸಣ್ಣ ಪೆಟ್ಟು ಬಿದ್ದವರ ಫೇಸ್ ಕಾಂಟ್ರಾಸ್ಟ್ ಎಂಆರ್‌ಐನಲ್ಲಿ (ದ್ರವದ ಹರಿವಿನ ವೇಗ ಅಳೆಯುವ ಸ್ಕ್ಯಾನ್), ಅಕ್ವಿಡಕ್ಟ್‌ನ (ಮೆದುಳಿನ ದ್ರವ ಹರಿಯುವ ಸಣ್ಣ ಕಾಲುವೆ) ಬಿಳಿ ಚುಕ್ಕೆಯ ಮಧ್ಯೆ ಕೆಲವು ಫ್ರೇಮ್‌ಗಳಲ್ಲಿ ಮಾತ್ರ ಕಪ್ಪು ಬರುತ್ತಿದೆ ಅಂದಿದ್ದೀರಿ, ಅಲ್ವಾ? ದ್ರವದ ವೇಗ ವೆಂಕ್ ದಾಟಿದರೆ ಅದು ಉಲ್ಟಾ ಹರಿದಂತೆ, ಬಿಳಿ ಬದಲು ಕಪ್ಪಾಗಿ ಕಾಣುತ್ತದೆ. ಪೆಟ್ಟಿನ ಪರಿಣಾಮ ಅಂತ ಈಗಲೇ ಬರೆದುಕೊಳ್ಳಬೇಡಿ.

ಮೊದಲು ಆ ಪಿಕ್ಸೆಲ್‌ನ ವೇಗವನ್ನು ಒಂದೊಂದೇ ಫ್ರೇಮ್‌ನಲ್ಲಿ ನೋಡಿ. ವೆಂಕ್ ಸೆಕೆಂಡಿಗೆ 10 ಸೆಂ.ಮೀ. ಇಟ್ಟಿದ್ದು, +9 ಆದಮೇಲೆ ದಿಢೀರನೆ −8 ಬಂದರೆ ಅದು ನಿಜವಾಗಿ +12. ವೆಂಕ್‌ನ ಎರಡರಷ್ಟು, ಅಂದರೆ 20 ಕೂಡಿಸಿದರೆ ಆಯಿತು, ಹಳೇ ಸ್ಕ್ಯಾನನ್ನು ಸುಮ್ನೆ ಬಿಸಾಡಬೇಕಿಲ್ಲ. ಆಮೇಲೆ ಪಕ್ಕದ ಮಿಡ್‌ಬ್ರೇನ್ ಅಂಗಾಂಶದ ಸರಾಸರಿ ವೇಗವನ್ನು ಕಳೆಯಿರಿ, ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು.

ಮುಂದಿನವರಿಗೆ ವೆಂಕ್ 15 ಅಥವಾ 20 ಇಡಿ. ತೀರಾ ಜಾಸ್ತಿ ಮಾಡಿದರೆ ನಿಧಾನದ ಹರಿವು ನಾಯ್ಸ್‌ನಲ್ಲಿ ಮುಚ್ಚಿಹೋಗುತ್ತದೆ. ಸ್ಲೈಸ್ ಅಕ್ವಿಡಕ್ಟ್‌ಗೆ ನೇರ ಅಡ್ಡವಾಗಿರಲಿ, ಪೆಟ್ಟು ಬೀಳದವರಿಗೂ ಇದೇ ಸೆಟ್ಟಿಂಗ್ ಇರಲಿ.

ಕಪ್ಪು ಚುಕ್ಕೆ ಹೃದಯ ಬಡಿತದ ಲಯಕ್ಕೆ ಸೇರದೆ ಎಲ್ಲೆಂದರಲ್ಲಿ ಬರುತ್ತಿದ್ದರೆ ನನ್ನ ಊಹೆ ತಪ್ಪಿರಬಹುದು. ಆಗ ಬೆರಳಿನ ಪಲ್ಸ್ ಸೆನ್ಸರ್ ಸಡಿಲವಾಗಿ ಗೇಟಿಂಗ್ (ಸ್ಕ್ಯಾನನ್ನು ಹೃದಯ ಬಡಿತಕ್ಕೆ ಹೊಂದಿಸುವುದು) ಕೆಟ್ಟಿದೆಯಾ ನೋಡಿ.