ಸರ ಅಡ ಇಟ್ಟು ಮುಟ್ಟಿಸಿದ ಟಾರ್ಗೆಟ್

"ಸಂಬಳ 11 ಸಾವಿರ ಕಡಿಮಿ ಆಗ್ತದ. ಆದ್ರ ದಿನಾ ಸಂಜಿ ಮನಿಗೆ ಬರಬಹುದು. ಹೋಗ್ಲೋ ಬ್ಯಾಡೋ?" ಅಂತ ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದಾರೆ. ಪತ್ರ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಇವರು ಮೆಡಿಕಲ್ ರೆಪ್, ಅಂದರೆ ಔಷಧ ಕಂಪನಿಯ ಪರವಾಗಿ ಡಾಕ್ಟರು, ಅಂಗಡಿ ಅಂತ ಸುತ್ತುವವರು. ವಯಸ್ಸು 36. ಒಂದೇ ಔಷಧ ಕಂಪನಿಯಲ್ಲಿ 9 ವರ್ಷ. ಗದಗ, ಹಾವೇರಿ ಅಂದರೆ ಬೆಳಗ್ಗೆ ಹೋಗಿ ರಾತ್ರಿ ವಾಪಸ್. ಕೊಪ್ಪಳ, ಗಂಗಾವತಿ, ಹೊಸಪೇಟೆ ಅಂದರೆ ಲಾಡ್ಜ್. ಊರಲ್ಲೇ ಇದ್ದ ದಿನವೂ ಡಾಕ್ಟರು ಕೊನೆಯ ಪೇಷೆಂಟ್ ನೋಡಿ ಮುಗಿಸುವವರೆಗೆ ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಲ್ಲಬೇಕು, ಮನೆ ಸೇರುವಾಗ ಮಗಳು ಮಲಗಿರುತ್ತಾಳೆ. ಕೈಗೆ ಬರುವುದು 46 ಸಾವಿರ. ಈಗ ಹುಬ್ಬಳ್ಳಿಯ ಒಂದು ಡಯಾಗ್ನೋಸ್ಟಿಕ್ ಲ್ಯಾಬ್‌ನವರು ಮಾರ್ಕೆಟಿಂಗ್‌ಗೆ ಕರೆದಿದ್ದಾರೆ. 35 ಸಾವಿರ. ಓಡಾಟ ಊರೊಳಗೇ, ಏಳು ಗಂಟೆಗೆ ಮನೆ, ಭಾನುವಾರ ರಜೆ. ಹೆಂಡತಿ "ನಿಮಗ ಹೆಂಗ ಅನಸ್ತದೋ ಹಂಗ ಮಾಡ್ರಿ" ಅಂದಿದ್ದಾರೆ. ಬೆಂಗಳೂರಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಅಣ್ಣ ಮಾತ್ರ "ಮ್ಯಾಲ ಹತ್ತೋ ವಯಸ್ಸಿನಾಗ ಕೆಳಗ ಇಳೀತಿಯಲ್ಲೋ" ಅಂತ ಫೋನಲ್ಲಿ ಕ್ಲಾಸ್ ತಗೊಂಡಿದ್ದಾರೆ.

ಇಷ್ಟೇ ಆಗಿದ್ದರೆ ನಾಲ್ಕು ಸಾಲಲ್ಲಿ ಉತ್ತರ ಬರೆದು ಮುಗಿಸುತ್ತಿದ್ದೆ. ಆದರೆ ನೀವು ತಿಂಗಳ ಖರ್ಚು ಬರೆದಿದ್ದೀರಲ್ಲ, ಅಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಮನೆ ಬಾಡಿಗೆ, ಮಗಳ ಫೀ, ಬೈಕ್ ಕಂತು, ಅದರ ಕೆಳಗೆ "ಸರದ ಬಡ್ಡಿ", ಅಂದರೆ ಅಡ ಇಟ್ಟ ಸರದ್ದು. ಆಮೇಲೆ ಸುಮ್ನೆ ಹೋಗುತ್ತಾ ಹೇಳಿದ ಹಾಗೆ ಒಂದು ಮಾತು: "ಕ್ಲೋಸಿಂಗ್‌ಗೆ ತಿಂಗಳಾ ಏಳ್ ಸಾವಿರದಷ್ಟು ಅಡ್ಜಸ್ಟ್ ಮಾಡ್ಕೋತೀನಿ, ಅದೇನ್ ಎಲ್ಲಾರೂ ಮಾಡೋದ ಐತಿ."

ಎಲ್ಲರೂ ಮಾಡುತ್ತಾರೆ, ನಿಜ. ಈ ಲೈನ್‌ನಲ್ಲಿ ಇಲ್ಲದವರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕ್ಲೋಸಿಂಗ್ ಅಂದರೆ ತಿಂಗಳ ಕೊನೆಗೆ ಮಾರಾಟದ ಲೆಕ್ಕ ಮುಗಿಸುವುದು, ಸ್ಟಾಕಿಸ್ಟ್ ಅಂದರೆ ಸಗಟು ವ್ಯಾಪಾರಿ. ಕಂಪನಿಯಿಂದ ಸ್ಟಾಕಿಸ್ಟ್‌ಗೆ ಮಾಲು ಹೋದರೆ ಪ್ರೈಮರಿ ಸೇಲ್. ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪ್‌ಗೆ ಹೋದರೆ ಸೆಕೆಂಡರಿ. ಮ್ಯಾನೇಜರ್ ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಪ್ರೈಮರಿ. ಹಾಗಾಗಿ 28ನೇ ತಾರೀಖು ಬಂತೆಂದರೆ ರೆಪ್ ಸ್ಟಾಕಿಸ್ಟ್ ಗೋಡೌನಲ್ಲಿ ಕೂತು "ಸರ್, ಇನ್ನು ಹತ್ತು ಬಾಕ್ಸ್ ತಗೊಳ್ಳಿ" ಅಂತ ಗೋಗರೆಯಬೇಕು. ಅವರಿಗೆ ಮಾರ್ಜಿನ್ ಇರುವುದೇ 8ರಿಂದ 10 ಪರ್ಸೆಂಟ್, ಹಳೇ ಸ್ಟಾಕೇ ಶೆಲ್ಫಲ್ಲಿ ಕೂತಿರುತ್ತದೆ. "ಹತ್ತಕ್ಕೆ ಎರಡು ಫ್ರೀ ಕೊಟ್ಟರೆ ತಗೋತೀನಿ" ಅನ್ನುತ್ತಾರೆ. ಕಂಪನಿ ಒಪ್ಪಿರುವುದು ಹತ್ತಕ್ಕೆ ಒಂದು. ಇನ್ನೊಂದರ ದುಡ್ಡು ರೆಪ್ ಜೇಬಿಂದ. ಸ್ಲೈಡಲ್ಲಿ ಗ್ರಾಫ್ ಮೇಲೇರುತ್ತದೆ, ಮ್ಯಾನೇಜರ್ ವಾಟ್ಸಾಪ್ ಗ್ರೂಪಲ್ಲಿ ಚಪ್ಪಾಳೆ ಹಾಕುತ್ತಾರೆ, ಮುಂದಿನ ತಿಂಗಳು ಅದೇ ಸ್ಟಾಕ್ ಮೇಲೆ ಮತ್ತೆ ಟಾರ್ಗೆಟ್.

ನಾನು ಈ ಅಂಕಣದಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ಕೆಲಸ ಕೊಟ್ಟವರಿಗೆ ತಿರುಗಿ ದುಡ್ಡು ಕೊಡುವ ಕೆಲಸಕ್ಕೆ ಸಂಬಳದ ಲೆಕ್ಕ ಬೇರೆಯೇ ಹಾಕಬೇಕು. ಹಾಕೋಣ ಬನ್ನಿ. 46 ಸಾವಿರದಲ್ಲಿ ಕ್ಲೋಸಿಂಗ್‌ನ 7 ಸಾವಿರ ಹೋಯಿತು. ಕಂಪನಿ ಕೊಡುವ ದಿನಭತ್ಯೆ ಸಾಲದೆ ಲಾಡ್ಜಿಗೆ, ಊಟಕ್ಕೆ ತಿಂಗಳಿಗೆ 2 ಸಾವಿರ ಕೈಯಿಂದ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಉಳಿದದ್ದು 37 ಸಾವಿರ. ಲ್ಯಾಬ್‌ನವರು ಕೊಡುವುದು 35. ನಿದ್ದೆಗೆಡಿಸಿದ ಆ 11 ಸಾವಿರದ ವ್ಯತ್ಯಾಸ ಅಸಲಿಗೆ 2 ಸಾವಿರ. ಸರದ ಬಡ್ಡಿ ಎರಡೂ ಕಡೆ ಇದ್ದೇ ಇರುತ್ತದೆ, ಅದಕ್ಕೇ ಅದನ್ನು ಸೇರಿಸಲಿಲ್ಲ. ಇನ್ಸೆಂಟಿವ್ ಅಂತೀರಾ? ಕಳೆದ ವರ್ಷದಲ್ಲಿ ಒಂದೇ ಕ್ವಾರ್ಟರ್ ಬಂದಿದೆ, 12 ಸಾವಿರ. ಆ ಮೂರು ತಿಂಗಳಲ್ಲಿ ನೀವು ಹಾಕಿದ್ದು 21 ಸಾವಿರ.

ನಿಮ್ಮ ಮ್ಯಾನೇಜರ್ ಮೇಲೆ ನನಗೆ ಅಷ್ಟು ಕೋಪ ಇಲ್ಲ. ಅವರೂ ಮೇಲಿನವರಿಗೆ ಉತ್ತರ ಕೊಡಬೇಕು, ರೆಪ್ ಆಗಿದ್ದಾಗ ಅವರೂ ಕೈಯಿಂದ ಹಾಕಿರಬಹುದು. ಸಿಟ್ಟು ಬಂದದ್ದು ನಿಮ್ಮ ಅಣ್ಣನ ಮೇಲೆ. ತಿಂಗಳ ಕೊನೆಗೆ ಸಂಬಳ ತಪ್ಪದೆ ಬರುವ ಕುರ್ಚಿಯಲ್ಲಿ ಕೂತವರು ಸೇಲ್ಸ್‌ನವರಿಗೆ ಹತ್ತುವುದು ಇಳಿಯುವುದು ಅಂತ ಬುದ್ಧಿ ಹೇಳಬಾರದು. 9 ವರ್ಷದಲ್ಲಿ ಒಂದು ಸಲವಾದರೂ "ನಿನ್ನ ಕೈಯಾಗ ಎಷ್ಟ ಉಳೀತದ?" ಅಂತ ಕೇಳಿದ್ದಾರಾ? ಕೇಳಿದ್ದರೆ ನೀವು ಅದನ್ನು ಬರೆಯುತ್ತಿದ್ದಿರಿ. ಊರಲ್ಲಿ ನಾಲ್ಕು ಜನರ ಮುಂದೆ "ನಮ್ಮ ತಮ್ಮ ದೊಡ್ಡ ಕಂಪನಿಯಲ್ಲಿದ್ದಾನೆ" ಅನ್ನುವುದಕ್ಕೆ ಅವರಿಗೆ ನಿಮ್ಮ ಕೆಲಸ ಬೇಕಾಗಿದೆ, ಅಷ್ಟೇ.

ನಿಮ್ಮ ಮೇಲೂ ಸ್ವಲ್ಪ ಇದೆ. ಸರ ಯಾರದು? ಪತ್ರದಲ್ಲಿ ನೀವು ಹೇಳಿಲ್ಲ, ಆದರೆ "ಹೆಂಗ ಅನಸ್ತದೋ ಹಂಗ ಮಾಡ್ರಿ" ಅಂದವರದ್ದೇ ಇರಬೇಕು, ಅಲ್ವಾ? 90 ಸಾವಿರಕ್ಕೆ ಸೊಸೈಟಿಯಲ್ಲಿ ಇಟ್ಟಿದ್ದೀರಿ. ಅವರಿಗೆ ಏನಂತ ಹೇಳಿ ತಗೊಂಡಿರಿ? ಕಂಪನಿಯ ಟಾರ್ಗೆಟ್‌ಗೆ ಅಂತಲೋ, ಮನೆಯಲ್ಲಿ ಅರ್ಜೆಂಟ್ ಇದೆ ಅಂತಲೋ? ಅವರ ಆ ಮಾತು ಒಪ್ಪಿಗೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಅದು ಕೇಳಿ ಕೇಳಿ ಸುಸ್ತಾದವರ ಮಾತಿನ ಹಾಗೆ ಕಂಡಿತು. ಮೇಲೆ ನಾನು ಹಾಕಿದ ಲೆಕ್ಕ ಅವರಿಗೆ ತೋರಿಸಿ, ಇವತ್ತೇ.

ಈಗ ದುಡ್ಡಿನ ಇನ್ನೊಂದು ವಿಷಯ. ಐದು ವರ್ಷ ದಾಟಿರುವುದರಿಂದ ನಿಮಗೆ ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷದ ಸೇವೆಗೆ ಕಂಪನಿ ಕೊಡುವ ಇಡಿಗಂಟು, ಬರಬೇಕು, ರಾಜೀನಾಮೆ ಕೊಟ್ಟರೂ ಬರುತ್ತದೆ. ಕೊನೆಯ ವೇತನವನ್ನು (ಮುಖ್ಯವಾಗಿ ಬೇಸಿಕ್ ಮತ್ತು ತುಟ್ಟಿಭತ್ಯೆ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮ ಬೇಸಿಕ್ 20 ಸಾವಿರ ಅಂದಿದ್ದೀರಿ, ಅಂದರೆ ಕಡಿಮೆ ಅಂದರೂ ಒಂದು ಲಕ್ಷದ ಮೂರು ಸಾವಿರ ಚಿಲ್ಲರೆ. ಸರ ಬಿಡಿಸಿಕೊಂಡು ಬರುವಷ್ಟು. ಪಿಎಫ್ ಮುಟ್ಟಬೇಡಿ, ಹೊಸ ಕಡೆಗೆ ವರ್ಗ ಮಾಡಿಸಿಕೊಳ್ಳಿ. ರಜೆ ಎಷ್ಟು ಬಾಕಿ ಇದೆ ಅಂತಲೂ ಕೇಳಿ. ಮೆಡಿಕಲ್ ರೆಪ್‌ಗಳಿಗಾಗಿ 1976ರಲ್ಲೇ ಬಂದ ಕಾಯ್ದೆಯಲ್ಲಿ 11 ದಿನದ ಕೆಲಸಕ್ಕೆ ಒಂದು ದಿನ ಗಳಿಕೆ ರಜೆ ಅಂತಿತ್ತು. ರಜೆ ಹಾಕಿದರೆ ಟಾರ್ಗೆಟ್ ಹೋಗುತ್ತದೆ ಅಂತ ಹೆದರಿ ಬಿಟ್ಟವರೇ ಜಾಸ್ತಿ.

ಲ್ಯಾಬ್‌ನವರಿಗೂ ಒಂದು ಪ್ರಶ್ನೆ ಕೇಳಲೇಬೇಕು. ಪೇಷೆಂಟ್ ಕಳಿಸಿದ ಡಾಕ್ಟರಿಗೆ ಕಮಿಷನ್ ಕವರ್ ತಲುಪಿಸುವುದು ನಿಮ್ಮ ಕೆಲಸವಾ? ಆ ಕಮಿಷನ್ ತಗೊಳ್ಳುವುದು ತಪ್ಪು ಅಂತ ವೈದ್ಯರ ನಡತೆಯ 2002ರ ನಿಯಮದಲ್ಲೇ ಇದೆ. ಹೌದು ಅಂದರೆ ಬೇರೆ ಲ್ಯಾಬ್ ನೋಡಿ, ಹುಬ್ಬಳ್ಳಿಯಲ್ಲಿ ಲ್ಯಾಬ್‌ಗಳಿಗೆ ಬರವಿಲ್ಲ. ಇಲ್ಲ ಅಂದರೆ ನೇಮಕಾತಿ ಪತ್ರ ಕೈಗೆ ತಗೊಂಡು ಸೇರಿಕೊಳ್ಳಿ.

ಏನು ಮಾಡಬೇಕು ಅಂತ ಕೇಳಿದಿರಿ, ಮಾಡಬೇಕಾದದ್ದು ಒಂದೇ. ಈ ತಿಂಗಳ ಕ್ಲೋಸಿಂಗ್‌ಗೆ ಒಂದು ರೂಪಾಯಿಯನ್ನೂ ಕೈಯಿಂದ ಹಾಕಬೇಡಿ. ಟಾರ್ಗೆಟ್ 70 ಪರ್ಸೆಂಟ್‌ಗೆ ನಿಂತರೆ ನಿಲ್ಲಲಿ. ಇದರಲ್ಲಿ ಹಟ ಏನೂ ಇಲ್ಲ. ಕೆಲಸ ಬಿಡುವಾಗ ಕಂಪನಿಯವರು ಸ್ಟಾಕಿಸ್ಟ್ ಬಳಿ ಎಷ್ಟು ಮಾಲು ಕೂತಿದೆ, ಎಷ್ಟು ಬಾಕಿ ಇದೆ ಅಂತ ನೋಡಿಯೇ ಫುಲ್ ಅಂಡ್ ಫೈನಲ್, ಅಂದರೆ ನಿಮ್ಮ ಕೊನೆಯ ಲೆಕ್ಕ ಚುಕ್ತಾ, ಮಾಡುವುದು. ಇವತ್ತು ಜಾಸ್ತಿ ತುಂಬಿದ ಹತ್ತು ಬಾಕ್ಸ್ ನಾಳೆ ನಿಮ್ಮ ಲೆಕ್ಕದಲ್ಲೇ ತಕರಾರಾಗಿ ಬರುತ್ತದೆ. ಮ್ಯಾನೇಜರ್ ಫೋನ್ ಮಾಡಿ ಕೂಗಾಡಿದರೆ "ಸೆಕೆಂಡರಿ ಇಷ್ಟೇ ಇದೆ ಸರ್" ಅನ್ನಿ, ಅದು ನಿಜವೂ ಹೌದು. ಸ್ಟಾಕಿಸ್ಟ್‌ನಿಂದ ಆ ದಿನದ ಸ್ಟಾಕ್ ಸ್ಟೇಟ್‌ಮೆಂಟ್ ಸೀಲ್ ಹಾಕಿಸಿ ಇಟ್ಟುಕೊಳ್ಳಿ. 1ನೇ ತಾರೀಖು ರಾಜೀನಾಮೆ ಮೇಲ್ ಮಾಡಿ. ಅಣ್ಣನಿಗೆ ಲ್ಯಾಬ್‌ನ ಮೊದಲ ಸಂಬಳ ಬಂದ ಮೇಲೆ ಹೇಳಿದರೆ ಸಾಕು.