ಎದೆಯೊಳಗೆ ಇಡುವ ಸೆನ್ಸರ್ ಬಗ್ಗೆ

ಶಿರಸಿಯಲ್ಲಿರುವ ನಿಮ್ಮ ತಂದೆಗೆ ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡದ ಸ್ಥಿತಿ) ಇದೆ, ವಿಡಿಯೋದಲ್ಲಿ ನೋಡಿದ ಉಪ್ಪಿನ ಹರಳಿನಷ್ಟು ಚಿಪ್ ಹಾಕಿಸಬಹುದಾ, ಅದಕ್ಕೆ ಬ್ಯಾಟರಿ ಎಲ್ಲಿರುತ್ತದೆ ಎಂದು ಕೇಳಿದ್ದೀರಿ.

ಆ ಚಿಪ್ ಬಹುಶಃ ಕೊಲಂಬಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದ್ದು. ಗಾತ್ರ 0.1 ಘನ ಮಿಲಿಮೀಟರ್‌ಗಿಂತ ಕಡಿಮೆ. ಇಲಿಗಳ ಮೈಯೊಳಗೆ ಇಟ್ಟು ಉಷ್ಣತೆ ಅಳೆದರು, ಅಷ್ಟೇ. ಬ್ಯಾಟರಿ ಇಲ್ಲ. ಸ್ಕ್ಯಾನಿಂಗ್‌ನ ಅಲ್ಟ್ರಾಸೌಂಡ್ ಅಲೆಯೇ ಅದಕ್ಕೆ ಕರೆಂಟು, ಅದರಲ್ಲೇ ಉತ್ತರವೂ ಬರುತ್ತದೆ. ಇಷ್ಟು ಚಿಕ್ಕ ಚಿಪ್‌ಗೆ ರೇಡಿಯೋ ಯಾಕಲ್ಲ ಅಂದರೆ, ನಮ್ಮ ಮೈ ಹೆಚ್ಚುಕಮ್ಮಿ ಉಪ್ಪುನೀರು. ಅದರಲ್ಲಿ ರೇಡಿಯೋ ಅಲೆ ಬೇಗ ಕುಗ್ಗುತ್ತದೆ, ಶಬ್ದ ಚೆನ್ನಾಗಿ ಸಾಗುತ್ತದೆ. ಕಾರವಾರದ ಬೈತಖೋಲ ಬಂದರಿನ ಬೋಟುಗಳು ಮೀನು ಹುಡುಕುವುದೂ ಶಬ್ದದಿಂದಲೇ ಅಲ್ವಾ?

ಮನುಷ್ಯರಿಗೆ ನಿಜಕ್ಕೂ ಹಾಕುವುದು ಬೇರೆ, ಕಾರ್ಡಿಯೋಮೆಮ್ಸ್ ಅಂತ, ರಕ್ತದ ಒತ್ತಡ ಅಳೆಯುವ ಸೆನ್ಸರ್. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಸುಮಾರು 15 ಮಿಲಿಮೀಟರ್ ಉದ್ದ. ತೊಡೆಯ ರಕ್ತನಾಳದಿಂದ ತೂರಿಸಿ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಕೂರಿಸುತ್ತಾರೆ. ಒಳಗಿರುವುದು ಒಂದು ತಂತಿಯ ಸುರುಳಿ, ಒಂದು ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ). ಆ ನಾಳದಲ್ಲಿ ರಕ್ತದ ಒತ್ತಡ ಬದಲಾದರೆ ಸೆನ್ಸರ್ ಮಿಡಿಯುವ ಫ್ರೀಕ್ವೆನ್ಸಿ ಬದಲಾಗುತ್ತದೆ. ದಿನಾ ಆಂಟೆನಾ ಇರುವ ದಿಂಬಿನ ಮೇಲೆ ಮಲಗಿದರೆ ರೀಡಿಂಗ್ ಡಾಕ್ಟರಿಗೆ ಹೋಗುತ್ತದೆ. ಕಾಲು ಊದುವ ಮೊದಲೇ ಈ ಒತ್ತಡ ಏರುತ್ತದೆ, ಇದರ ಲಾಭ ಇರುವುದೇ ಅಲ್ಲಿ. ಆದರೆ ಆ ರೀಡಿಂಗ್ ನೋಡಿ ಔಷಧಿ ಬದಲಿಸುವವರು ಬೇಕು. ಇಲ್ಲದಿದ್ದರೆ ಸುಮ್ನೆ ದುಬಾರಿ ಒಡವೆ.

ಹಾಕಿಸುವ ವಿಚಾರ ಕಾರ್ಡಿಯಾಲಜಿಸ್ಟ್ ಹತ್ತಿರವೇ ಕೇಳಿ. ಅಲ್ಲಿಯವರೆಗೆ ಒಂದು ತೂಕದ ಯಂತ್ರ ತನ್ನಿ. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಜಾಸ್ತಿಯಾದರೆ ಒಳಗೆ ನೀರು ತುಂಬುತ್ತಿರಬಹುದು, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ ತೂಕ ನೋಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ.