ಇಳಿಜಾರಿನ ಭಯ, ಏರಿನ ಸುಸ್ತು: ಒಂದು ಆಪ್ತಸಲಹೆ ಪ್ರಕರಣ

(ಸಲಹೆಗೆ ಬಂದವರ ಒಪ್ಪಿಗೆಯ ಮೇಲೆ ಬರೆದದ್ದು. ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ಬಂದವರು ನಲವತ್ತು ದಾಟಿದ ಮಹಿಳೆ. ಸಮತಟ್ಟಾದ ದಾರಿಯ ಎರಡು ಸ್ಪ್ರಿಂಟ್ ಟ್ರಯಥ್ಲಾನ್‌ಗಳನ್ನು ನೆಮ್ಮದಿಯಾಗಿ ಮುಗಿಸಿದ್ದರು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಮೂರನೆಯದು ಗುಡ್ಡದ ದಾರಿ. 2.5 ಕಿ.ಮೀ. ಉದ್ದದ ಏರು, ಅಷ್ಟೇ ಉದ್ದದ ಇಳಿಜಾರು, ಅದನ್ನು ಎರಡು ಸಲ ಹತ್ತಿ ಇಳಿಯಬೇಕು; ಉಳಿದ 10 ಕಿ.ಮೀ. ಸಮತಟ್ಟು. ಸೈಕಲ್ ಇಳಿದ ಮೇಲೆ ಅವರಿಗೆ ಕಾಲೇ ಏಳಲಿಲ್ಲ. ಮಾಮೂಲಿಗೆ 28 ನಿಮಿಷದಲ್ಲಿ ಓಡುವ 5 ಕಿ.ಮೀ.ಗೆ 38 ನಿಮಿಷ ಹಿಡಿಯಿತು. ಹತ್ತು ವಾರ ಬಿಟ್ಟು ಅದೇ ದಾರಿಯಲ್ಲಿ ಇನ್ನೊಂದು ಸ್ಪರ್ಧೆ ಇತ್ತು.

"ನನ್ನ ಮೈಕಟ್ಟಿಗೆ ಗುಡ್ಡ ಆಗಿಬರಲ್ಲ ಅನ್ಸುತ್ತೆ. ಹೆಸರು ವಾಪಸ್ ತಗೊಳ್ಲಾ, ಇಲ್ಲಾ ಏರು ಹತ್ತೋ ಅಭ್ಯಾಸಾನೇ ಜಾಸ್ತಿ ಮಾಡ್ಲಾ?" ಅನ್ನುವುದು ಅವರ ಪ್ರಶ್ನೆ.

ಎದೆನೋವು, ತಲೆಸುತ್ತು, ಎದೆ ತಪ್ಪಿ ಬಡಿದ ಅನುಭವ ಇದೆಯೇ ಎಂದು ಮೊದಲು ಕೇಳಿದೆವು. ಇರಲಿಲ್ಲ. ಇದ್ದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಕಳಿಸುತ್ತಿದ್ದೆವು. ಆಮೇಲೆ ಅವರ ಕೈಗಡಿಯಾರದಲ್ಲಿದ್ದ ದಾಖಲೆಯನ್ನು ತೆರೆದು ನೋಡಿದೆವು. ಮೊದಲ ಏರು 12 ನಿಮಿಷ 30 ಸೆಕೆಂಡು. ಎರಡನೆಯದು 16 ನಿಮಿಷ. ಆರಂಭದಲ್ಲೇ ಶಕ್ತಿಯೆಲ್ಲ ಸುರಿದಿದ್ದಾರೆ ಎನ್ನುವುದಕ್ಕೆ ಇಷ್ಟೇ ಸಾಕು, ಮತ್ತು ಹೆಚ್ಚಿನ ತರಬೇತುದಾರರು ಇಲ್ಲಿಗೇ ನಿಲ್ಲಿಸಿ "ನಿಧಾನ ಹತ್ತಿ" ಎಂದು ಕಳಿಸಿಬಿಡುತ್ತಾರೆ. ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ. ಇಳಿಜಾರಿನಲ್ಲಿ ಅವರು ಪೆಡಲನ್ನೇ ತುಳಿದಿಲ್ಲ, ಆದರೂ ಹೃದಯಬಡಿತದ ಗೆರೆ ಕೆಳಗಿಳಿದಿಲ್ಲ. ಗುಡ್ಡದ ನೆತ್ತಿಯಲ್ಲಿ ನಿಮಿಷಕ್ಕೆ 172 ಇದ್ದದ್ದು ಬುಡಕ್ಕೆ ಬಂದಾಗಲೂ 164. ಕಾಲು ಸುಮ್ಮನಿದ್ದರೆ ನಾಲ್ಕೈದು ನಿಮಿಷದಲ್ಲಿ ಅದು ಎಷ್ಟೋ ಕೆಳಗೆ ಬರಬೇಕಿತ್ತು. ಅದೂ ಅಲ್ಲದೆ 2.5 ಕಿ.ಮೀ. ಇಳಿಯಲು ಪ್ರತಿ ಸಲವೂ ಆರೂವರೆ ನಿಮಿಷ ಹಿಡಿದಿತ್ತು. ಅಂದರೆ ಗಂಟೆಗೆ 23 ಕಿ.ಮೀ. ವೇಗ, ಸಮತಟ್ಟಿನಲ್ಲಿ ಅವರು ಹೋಗುವುದಕ್ಕಿಂತ ಕಡಿಮೆ.

"ಇಳಿಯುವಾಗ ಕೈ ಎಲ್ಲಿರುತ್ತೆ?" ಎಂದು ಕೇಳಿದೆವು. ಅವರು ಮಾತಾಡದೆ ಎರಡೂ ಮುಷ್ಟಿ ಬಿಗಿಹಿಡಿದು ತೋರಿಸಿದರು. ಭುಜ ಕಿವಿಯವರೆಗೆ ಏರಿತ್ತು, ಮೊಣಕೈ ಸೆಟೆದಿತ್ತು. ಎರಡು ವರ್ಷದ ಹಿಂದೆ ಒಂದು ತಿರುವಿನಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದದ್ದನ್ನು ಆಗ ಹೇಳಿದರು. ಅಲ್ಲಿಯವರೆಗೆ ಆ ಸುದ್ದಿ ಎತ್ತಿರಲಿಲ್ಲ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಇನ್ನೆರಡು ಪ್ರಶ್ನೆ ಕೇಳುವಷ್ಟರಲ್ಲಿ ಗಂಟು ಬಿಚ್ಚಿಕೊಂಡಿತು. ಇಳಿಜಾರಿನಲ್ಲಿ ಎಲ್ಲರೂ ತಮ್ಮನ್ನು ದಾಟಿ ಹೋಗುತ್ತಾರೆ ಎಂದು ಅವರಿಗೆ ಗೊತ್ತು. ಆ ನಷ್ಟವನ್ನು ಮೊದಲೇ ತುಂಬಿಕೊಳ್ಳಲು ಏರಿನಲ್ಲಿ ಜೀವ ತೇಯುತ್ತಿದ್ದರು. ಇಳಿಯುವಾಗ ಸಿಗಬೇಕಾದ ವಿಶ್ರಾಂತಿ ಭಯದಲ್ಲಿ ಕರಗುತ್ತಿತ್ತು. ಎರಡನೇ ಏರಿಗೆ ಬರುವಾಗಲೇ ಕಾಲು ಸೋತಿರುತ್ತಿತ್ತು, ಓಟಕ್ಕೆ ಉಳಿಯುತ್ತಿದ್ದದ್ದು ಬಿಗಿದ ಬೆನ್ನು ಮತ್ತು ಖಾಲಿ ತೊಡೆ. ಏರು ಜಾಸ್ತಿ ಮಾಡಿದ್ದರೆ ಇದು ಸರಿಹೋಗುತ್ತಿರಲಿಲ್ಲ. ಮೊದಲು ಕಲಿಯಬೇಕಾದದ್ದು ಇಳಿಯುವುದನ್ನು.

ಮುಂದಿನ ಸಲ ಸೈಕಲನ್ನೇ ತರಲು ಹೇಳಿದೆವು. ಅದನ್ನು ನೋಡಿದ್ದು ಒಳ್ಳೆಯದಾಯಿತು. ಹ್ಯಾಂಡಲಿನ ಕೆಳಬಾಗಿನಲ್ಲಿ ಕೈ ಇಟ್ಟರೆ ಅವರ ತೋರುಬೆರಳಿನ ತುದಿ ಮಾತ್ರ ಬ್ರೇಕ್ ಲಿವರಿಗೆ ತಗಲುತ್ತಿತ್ತು. ಹಾಗಾಗಿ ಅವರು ಯಾವಾಗಲೂ ಮೇಲಿನ ಹಿಡಿಯಿಂದಲೇ ಬ್ರೇಕ್ ಹಾಕುತ್ತಿದ್ದರು. ಅಲ್ಲಿಂದ ಒತ್ತಿದರೆ ಬೆರಳು ಲಿವರಿನ ತಿರುಗುಮೊಳೆಯ ಹತ್ತಿರ ಕೂರುತ್ತದೆ, ಸನ್ನೆಯ ಬಲ ಕಡಿಮೆ; ಕೈ ಸೋಲುವಷ್ಟು ಹಿಚುಕಿದರೂ ಸೈಕಲ್ ಬೇಗ ನಿಲ್ಲುವುದಿಲ್ಲ. ನಿಲ್ಲುವುದಿಲ್ಲ ಎಂಬ ಭಯ ಬರೀ ಕಲ್ಪನೆಯಾಗಿರಲಿಲ್ಲ. ಬಹುತೇಕ ಲಿವರುಗಳಲ್ಲಿ ಅದನ್ನು ಹ್ಯಾಂಡಲಿನ ಹತ್ತಿರ ತರುವ ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಬೆರಳಿನ ಮೊದಲ ಗೆಣ್ಣು ಲಿವರಿನ ಮೇಲೆ ಕೂರುವವರೆಗೆ ತಿರುಗಿಸಿದೆವು. ಕೇಬಲ್ ಬ್ರೇಕಾದರೆ ಇದಾದ ಮೇಲೆ ಕೇಬಲ್ ಬಿಗಿ ನೋಡಲೇಬೇಕು, ಇಲ್ಲದಿದ್ದರೆ ಲಿವರ್ ಹ್ಯಾಂಡಲಿಗೆ ತಾಗಿದರೂ ಬ್ರೇಕ್ ಪೂರ್ತಿ ಹಿಡಿಯದೇ ಹೋಗಬಹುದು.

ಗೇರು ಇನ್ನೊಂದು ತೊಡಕು. ಮುಂದಿನ ಚಿಕ್ಕ ಹಲ್ಲುಚಕ್ರ 34 ಹಲ್ಲು, ಹಿಂದಿನ ದೊಡ್ಡದು 28. ಏರಿನ ಕಡಿದು ಸರಾಸರಿ 6 ಪ್ರತಿಶತ, ಅಂದರೆ ನೂರು ಮೀಟರಿಗೆ 6 ಮೀಟರ್ ಎತ್ತರ; ನಡುವೆ 300 ಮೀಟರ್ ಮಾತ್ರ 10 ಪ್ರತಿಶತ. ಅವರ ತೂಕ ಮತ್ತು ಸೈಕಲ್ ಸೇರಿ 72 ಕಿಲೋ. ಬಹಳ ಹೊತ್ತು ತಾಳಬಲ್ಲ 150 ವ್ಯಾಟ್ ಶಕ್ತಿಯಲ್ಲಿ ತುಳಿದರೆ 10 ಪ್ರತಿಶತದ ಜಾಗದಲ್ಲಿ ವೇಗ ಗಂಟೆಗೆ ಸುಮಾರು 7 ಕಿ.ಮೀ. ಆಗ 34–28 ಗೇರಿನಲ್ಲಿ ಪೆಡಲ್ ನಿಮಿಷಕ್ಕೆ 47 ಸುತ್ತು ತಿರುಗುತ್ತದೆ. ಅದು ತುಳಿಯುವುದಲ್ಲ, ಒಂದೊಂದೇ ಮೆಟ್ಟಿಲನ್ನು ಒದ್ದು ಹತ್ತಿದ ಹಾಗೆ. ತೊಡೆಯ ಸ್ನಾಯು ಹಿಂಡಿಹೋಗುತ್ತದೆ. ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕಿದರೆ ಅದೇ ವೇಗಕ್ಕೆ 57 ಸುತ್ತು. ಬದಲಿಸಿಕೊಳ್ಳಿ ಎಂದು ಹೇಳಿದೆವು, ಒಂದು ಎಚ್ಚರಿಕೆಯ ಜೊತೆಗೆ: ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ತೋಳು ಗಿಡ್ಡದಿದ್ದರೆ ಅಷ್ಟು ದೊಡ್ಡ ಹಲ್ಲುಚಕ್ರವನ್ನು ಅದು ತಾಳುವುದಿಲ್ಲ. ಡಿರೇಲರಿನ ಮಿತಿ ನೋಡಿ, ಚೈನನ್ನೂ ಉದ್ದದ್ದು ಹಾಕಿಸಬೇಕು. ಹಳೆಯ ಗಿಡ್ಡ ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡರ ಮೇಲೂ ಒಟ್ಟಿಗೆ ತಂದರೆ ಡಿರೇಲರ್ ಮುರಿದೇ ಹೋದೀತು. ಈ ಕೆಲಸ ಸ್ಪರ್ಧೆಗೆ ಆರು ವಾರ ಮೊದಲೇ ಮುಗಿಯಲಿ, ಹಿಂದಿನ ದಿನ ಬೇಡ.

ಗೇರ್ ಬದಲಿಸುವ ಹೊತ್ತೂ ಮುಖ್ಯ. ಏರಿಗೆ ಮೂವತ್ತು ಮೀಟರ್ ಇರುವಾಗಲೇ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ, ಆ ಅರ್ಧ ಸುತ್ತಿನಲ್ಲಿ ಪಾದ ಹಗುರ ಮಾಡಿ. ಕಾಲಿನ ಭಾರವೆಲ್ಲ ಪೆಡಲ್ ಮೇಲೆ ಹೇರಿ ಬದಲಿಸಿದರೆ ಚೈನ್ ಕಳಚುವುದು ಅಲ್ಲೇ.

ಇಳಿಯುವ ಅಭ್ಯಾಸಕ್ಕೆ ಮೆಟ್ಟಿಲು ಮಾಡಿಕೊಟ್ಟೆವು. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಂದು ಮೆಟ್ಟಿಲಲ್ಲಿ ಅಂಕ 3ಕ್ಕೆ ಇಳಿಯುವ ತನಕ ಮುಂದಿನದಕ್ಕೆ ಹೋಗಬಾರದು. 7 ದಾಟಿದರೆ ಇಳಿದು ಸೈಕಲ್ ತಳ್ಳಿಕೊಂಡು ಬರಬೇಕು. ಅದು ಸೋಲಲ್ಲ. "ಧೈರ್ಯ ತಂದ್ಕೊಳ್ಳಿ" ಎಂದು ಯಾರಾದರೂ ಹಿಂದಿನಿಂದ ಕೂಗಿದರೆ ಭಯ ಗಟ್ಟಿಯಾಗುತ್ತದೆ, ಕರಗುವುದಿಲ್ಲ. ಬಿದ್ದ ದೃಶ್ಯ ಕನಸಿನಲ್ಲಿ ಬರುವುದು, ರಸ್ತೆ ನೋಡಿದರೇ ಕೈ ನಡುಗುವುದು ಇದ್ದರೆ ಈ ಅಭ್ಯಾಸ ಸಾಲದು, ಮನಶ್ಶಾಸ್ತ್ರಜ್ಞರ ನೆರವು ಬೇಕೆಂದೂ ಹೇಳಿದೆವು. ಅವರಿಗೆ ಅಷ್ಟಿರಲಿಲ್ಲ.

ಮೊದಲ ಮೆಟ್ಟಿಲು ಸಮತಟ್ಟಾದ, ವಾಹನ ಇಲ್ಲದ, ಒಣಗಿದ ಜಾಗ. ಕೆಳಬಾಗಿನಲ್ಲಿ ಕೈ, ಎರಡು ಬೆರಳು ಲಿವರ್ ಮೇಲೆ. ಗಂಟೆಗೆ 20 ಕಿ.ಮೀ. ವೇಗದಿಂದ ಎರಡೂ ಬ್ರೇಕ್ ಒತ್ತಿ ನಿಲ್ಲಿಸುವುದು, ಹತ್ತು ಸಲ. ಒತ್ತುವಾಗ ಪೃಷ್ಠ ಹಿಂದಕ್ಕೆ ಸರಿಯಬೇಕು. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದು, ಏಕೆಂದರೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನದನ್ನೇ ನಂಬಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಎರಡನೆಯದು 3 ಪ್ರತಿಶತದ ನೇರ ಇಳುಕಲು. ಇಲ್ಲಿ ಕಲಿಯಬೇಕಾದದ್ದು ಬ್ರೇಕ್ ಬಿಡುವುದನ್ನು: ಎರಡು ಸೆಕೆಂಡು ಗಟ್ಟಿಯಾಗಿ ಒತ್ತು, ಪೂರ್ತಿ ಬಿಡು, ಉಸಿರು ಹೊರಗೆ ಬಿಡು, ಮತ್ತೆ ಒತ್ತು. ಉದ್ದಕ್ಕೂ ಹಿಡಿದೇ ಇದ್ದರೆ ಕೈ ಜೋಮು ಹಿಡಿಯುತ್ತದೆ, ಬ್ರೇಕ್ ಹಿಡಿಯುವ ರಿಮ್ಮೋ ಡಿಸ್ಕೋ ಕಾದು ಬಿಸಿಯಾಗುತ್ತದೆ. ಮೂರನೆಯದು ಒಂದೇ ಒಂದು ತಿರುವು. ವೇಗ ಇಳಿಸುವುದೆಲ್ಲ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಮುಗಿಯಬೇಕು. ತಿರುವಿನೊಳಗೆ ಬ್ರೇಕ್ ಬಿಟ್ಟು, ಹೊರಬದಿಯ ಪಾದವನ್ನು ಕೆಳಗೆ ತಂದು ಅದರ ಮೇಲೆ ಭಾರ ಹಾಕಿ, ತಿರುವು ಮುಗಿಯುವ ಕಡೆ ನೋಡಬೇಕು. ಗುಂಡಿಯನ್ನು ನೋಡಿದರೆ ಸೈಕಲ್ ಗುಂಡಿಗೇ ಹೋಗುತ್ತದೆ. ನಾಲ್ಕನೆಯದು ಸ್ಪರ್ಧೆಯ ಇಳಿಜಾರೇ, ತಮ್ಮ ಪಥ ಬಿಡದೆ. ಮೊದಲ ಮೆಟ್ಟಿಲಿಂದ ಇಲ್ಲಿಗೆ ಬರಲು ಅವರಿಗೆ ಐದು ವಾರ ಹಿಡಿಯಿತು, ಮೂರನೆಯದೊಂದರಲ್ಲೇ ಎರಡು ವಾರ.

ಏರಿನ ಅಭ್ಯಾಸ ವಾರಕ್ಕೆ ಒಂದೇ ದಿನ ಸಾಕೆಂದೆವು. ಮೊದಲು 4 ನಿಮಿಷದ ಏರು ನಾಲ್ಕು ಸಲ, ಆರನೇ ವಾರಕ್ಕೆ 6 ನಿಮಿಷದ್ದು ಐದು ಸಲ. ನಾಲ್ಕೈದು ಪದ ಆಡಲು ಉಸಿರಿರಬೇಕು. ಒಂದೇ ಪದ ಬರುತ್ತಿದ್ದರೆ ಜಾಸ್ತಿಯಾಯಿತು. ಮೊದಲನೆಯದಕ್ಕಿಂತ ಕೊನೆಯದು 10 ಸೆಕೆಂಡಿಗಿಂತ ಹೆಚ್ಚು ನಿಧಾನವಾದರೆ ಆ ದಿನದ ಲೆಕ್ಕ ತಪ್ಪಿದೆ ಎಂದರ್ಥ.

ಇನ್ನೊಂದು ದಿನ ಬ್ರಿಕ್, ಅಂದರೆ ಸೈಕಲ್ ಇಳಿದ ಕೂಡಲೇ ಓಟ. 40 ನಿಮಿಷ ಗುಡ್ಡದ ಸವಾರಿ, 15 ನಿಮಿಷ ಓಟ. ಕಾಲು ಮರದ ತುಂಡಿನಂತೆ ಅನಿಸುವುದು ಸಹಜ, ಐದಾರು ನಿಮಿಷದಲ್ಲಿ ಬಿಟ್ಟುಕೊಳ್ಳುತ್ತದೆ. ಆ ಐದಾರು ನಿಮಿಷದಲ್ಲಿ ಹೆಜ್ಜೆ ಗಿಡ್ಡ ಮಾಡಿ, ಗಡಿಯಾರ ನೋಡಬೇಡಿ ಎಂದೆವು. ಓಟದ ದಾರಿಯಲ್ಲೂ ಏರಿದ್ದರೆ ಕಡಿದಾದ ಕಡೆ ಮೂವತ್ತು ಹೆಜ್ಜೆ ಬಿರುಸಾಗಿ ನಡೆಯುವುದು ಎಷ್ಟೋ ಸಲ ಒದ್ದಾಡಿ ಓಡುವುದಕ್ಕೆ ಸಮ. ಇಳಿಯುವಾಗ ಹಿಮ್ಮಡಿ ಊರಿ ತಡೆಯಬಾರದು. ಇಳಿಜಾರಿನ ಓಟದಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರುವುದರಿಂದ ಮರುದಿನ, ಮೂರನೇ ದಿನ ನೋವು ಜೋರು. ಅದಕ್ಕೇ ಇದನ್ನು ಸ್ಪರ್ಧೆಯ ವಾರದಲ್ಲಿ ಮೊದಲ ಸಲ ಮಾಡಲೇಬಾರದು. ತಿಂಗಳ ಮೊದಲೇ 5 ನಿಮಿಷದಿಂದ ಶುರು ಮಾಡಿದರೆ ಸ್ನಾಯು ಬೇಗ ಪಳಗುತ್ತದೆ.

ಈಜಿನ ಬಗ್ಗೆ ಹೆಚ್ಚು ಹೇಳುವುದಿರಲಿಲ್ಲ, ಅದು ಅವರ ಬಲ. ಅಂಚಿನಲ್ಲಿ ನಿಂತು ಶುರು ಮಾಡಿ, ನೀರಿನೊಳಗೆ ಉಸಿರು ಪೂರ್ತಿ ಬಿಡಿ, ಎದ್ದು ನಿಂತಾಗ ತಲೆ ತಿರುಗಿದ ಹಾಗಾದರೆ ಹತ್ತು ಹೆಜ್ಜೆ ನಡೆಯಿರಿ, ಅಷ್ಟೆ. ಹೆಲ್ಮೆಟ್ಟಿನ ಬಕಲ್ ಹಾಕಿದ ಮೇಲೆಯೇ ಸೈಕಲ್ ಮುಟ್ಟುವುದು, ಓಟಕ್ಕೆ ಮುಂಚೆ ಸೈಕಲನ್ನು ಸ್ಟ್ಯಾಂಡಿಗೆ ಇಟ್ಟ ಮೇಲೆಯೇ ಬಕಲ್ ತೆಗೆಯುವುದು, ಇದನ್ನು ಮನೆಯಲ್ಲೇ ಹತ್ತು ಸಲ ಮಾಡಿಸಿದೆವು. ತಪ್ಪಿದರೆ ದಂಡ.

ಸ್ಪರ್ಧೆಯ ದಿನಕ್ಕೆ ಒಂದೇ ಲೆಕ್ಕ ಕೊಟ್ಟೆವು: ಮೊದಲ ಏರು 14 ನಿಮಿಷಕ್ಕಿಂತ ಬೇಗ ಮುಗಿಯಬಾರದು. ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಎಲ್ರೂ ದಾಟಿ ಹೋಗ್ತಾ ಇದ್ರೆ ಸುಮ್ನೆ ನೋಡ್ಬೇಕಾ?" ಹೌದು, ಮೊದಲ ಏರಿನ ಮೂರನೇ ಒಂದು ಭಾಗದವರೆಗೆ ನೋಡಬೇಕು ಎಂದೆವು. ಹಿಂದಿನ ಹತ್ತು ದಿನ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ, ನಡುನಡುವೆ ಒಂದೊಂದು ನಿಮಿಷದ ಬಿರುಸು ಮಾತ್ರ ಉಳಿಸಲು ಹೇಳಿದ್ದೆವು.

ಸ್ಪರ್ಧೆಯಲ್ಲಿ ಏರುಗಳು 14 ನಿಮಿಷ, 14 ನಿಮಿಷ 10 ಸೆಕೆಂಡು. ಎರಡೂ ಸೇರಿಸಿದರೆ ಹಿಂದಿನ ಸಲಕ್ಕಿಂತ 20 ಸೆಕೆಂಡು ಮಾತ್ರ ಬೇಗ. ಇಳಿಜಾರು ತಲಾ ನಾಲ್ಕೂವರೆ ನಿಮಿಷ, ಅಲ್ಲಿ ಉಳಿದದ್ದು ನಾಲ್ಕು ನಿಮಿಷ. ಅದಕ್ಕಿಂತ ನಮಗೆ ಸಂತೋಷ ಕೊಟ್ಟದ್ದು ಹೃದಯಬಡಿತದ ಗೆರೆ: ನೆತ್ತಿಯಲ್ಲಿ 168, ಬುಡದಲ್ಲಿ 131. ಓಟ 33 ನಿಮಿಷ. ಸಮತಟ್ಟಿನ 28 ನಿಮಿಷಕ್ಕೆ ಇನ್ನೂ ದೂರವಿದೆ, ಆದರೆ ನಡೆದದ್ದು ಒಂದೇ ಕಡೆ, ಮೂವತ್ತು ಹೆಜ್ಜೆ.

ಮೊನ್ನೆ ಮತ್ತೆ ಬಂದಿದ್ದರು. ಮುಂದಿನ ಸ್ಪರ್ಧೆ ಮಳೆಗಾಲದಲ್ಲಿ, ಭಯದ ಅಂಕ ಮತ್ತೆ 6. ಮೊದಲ ಮೆಟ್ಟಿಲಿಂದಲೇ ಶುರು ಮಾಡೋಣ, ಈ ಸಲ ಒದ್ದೆ ನೆಲದಲ್ಲಿ ಎಂದೆವು. ಅವರದು ರಿಮ್ ಬ್ರೇಕ್, ಅಂದರೆ ಚಕ್ರದ ಅಂಚನ್ನೇ ಹಿಡಿಯುವಂಥದ್ದು; ಅದರ ಮೊದಲ ಒತ್ತು ನೀರನ್ನು ಒರೆಸುವುದರಲ್ಲೇ ಹೋಗುತ್ತದೆ. ಹಾಗಾಗಿ ತಿರುವಿಗೆ ಬಹಳ ಮೊದಲೇ ಹಗುರಾಗಿ ಒಮ್ಮೆ ಒತ್ತಿ ಒರೆಸಿಕೊಂಡು, ಆಮೇಲೆ ಗಟ್ಟಿಯಾಗಿ ಒತ್ತಬೇಕು. ಬಿಳಿ ಬಣ್ಣದ ಪಟ್ಟೆ, ಕಬ್ಬಿಣದ ಮುಚ್ಚಳ ಬಂದಲ್ಲಿ ಸೈಕಲ್ ನೆಟ್ಟಗಿರಲಿ, ಬ್ರೇಕ್ ಬೇಡ. ಟೈರಿನ ಗಾಳಿ 5ರಿಂದ 10 ಪಿಎಸ್‌ಐ ಕಡಿಮೆ.